ಪ್ರಭುಲಿಂಗಪ್ಪ ಚಹಾ ಬಿಟ್ಟದ್ದು

ಪ್ರಭುಲಿಂಗಪ್ಪ ಚಹಾ ಬಿಟ್ಟದ್ದು ಒಂದು ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ. ಅದು ಊರಿಗೆ ಗೊತ್ತಾದದ್ದು ಆರೂ ಹತ್ತಕ್ಕೆ. ನಡುವಿನ ಹತ್ತು ನಿಮಿಷ ಮಾತ್ರ ಅವನು ನೆಮ್ಮದಿಯಾಗಿದ್ದ.

ಜಾಲಿಗುಂಡಿ ಎಂಬ ಊರು ಮುಶಿಗೇರಿ ದಾಟಿ ಗಜೇಂದ್ರಗಡದ ಕಡೆ ಹೊರಟರೆ ಎಡಕ್ಕೆ ಸಿಗುತ್ತದೆ. ಪ್ರಭುಲಿಂಗಪ್ಪ ಅಲ್ಲಿಯ ಪಂಚಾಯ್ತಿಯ ವಾಟರ್‌ಮನ್. ಊರಿಗೆ ಆರು ಓಣಿ, ಆರು ಓಣಿಗೆ ಆರು ವಾಲ್ವು, ಆರು ವಾಲ್ವಿಗೂ ಸೇರಿ ಒಂದೇ ಉದ್ದನೆಯ ಕಬ್ಬಿಣದ ಚಾವಿ, ಅದು ಅವನ ಹೆಗಲ ಮೇಲೆ. ಬೆಳಿಗ್ಗೆ ಅವನು ವಾಲ್ವು ತಿರುಗಿಸಿದ ಕೂಡಲೇ ಆ ಓಣಿಯ ಮೊದಲ ಮನೆಯಿಂದ ಒಂದು ಕಪ್ ಚಹಾ ಬರುತ್ತಿತ್ತು. ಬಂದ್ ಮಾಡಲು ಬಂದಾಗ ಕೊನೆಯ ಮನೆಯಿಂದ ಇನ್ನೊಂದು. ಮೊದಲನೆಯದು ಮರ್ಯಾದೆಯ ಚಹಾ, ಅದಕ್ಕೆ ಬಸಿ ಇರುತ್ತಿತ್ತು. ಎರಡನೆಯದಕ್ಕೆ ಬಸಿ ಇರುತ್ತಿರಲಿಲ್ಲ. ಅದು ನಾಲಿಗೆ ಸುಡುವಷ್ಟು ಬಿಸಿ. ಬಸಿಗೆ ಸುರುವಿಕೊಂಡರೆ ಲಗೂ ಆರುತ್ತದೆ, ಲಗೂ ಆರಿದರೆ ವಾಲ್ವು ಲಗೂ ಬಂದ್ ಆಗುತ್ತದೆ ಎಂಬ ಲೆಕ್ಕ ಜಾಲಿಗುಂಡಿಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ತಿಳಿದಿತ್ತು. ಪ್ರಭುಲಿಂಗಪ್ಪ ಉಫ್ ಉಫ್ ಎಂದು ಊದುತ್ತ ನಿಂತಷ್ಟು ಹೊತ್ತೂ ನಳದಲ್ಲಿ ನೀರು ಬರುತ್ತಿತ್ತು. ಇದನ್ನು ಲಂಚ ಎನ್ನುವುದು ತಪ್ಪು. ಇದು ಊರಿನ ನೀರಾವರಿ ಪದ್ಧತಿ.

ಹೀಗೆ ಓಣಿಯ ಚಹಾ ಹನ್ನೆರಡು. ಬಸ್‌ಸ್ಟ್ಯಾಂಡಿನ ರಮಜಾನಸಾಬನ ಹೊಟೇಲಿನಲ್ಲಿ ಹದಿಮೂರನೆಯದು. ಮಧ್ಯಾಹ್ನ ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆಂದು ಒಂದು ಬಾಟಲಿ ಸೋಡಾ. ಸೋಡಾ ಕುಡಿದದ್ದರಿಂದ ಮತ್ತೆ ಉಬ್ಬರಿಸಿದರೆ ಇನ್ನೊಂದು.

ಇದಕ್ಕೆಲ್ಲ ಕಲ್ಲು ಬಿದ್ದದ್ದು ಹಿಂದಿನ ದಿನ, ಸೋಮವಾರ. ಊರಿನ ಆರೋಗ್ಯ ಕೇಂದ್ರದ ನರ್ಸು ಉಮಾಶ್ರೀ ಅವನ ಬೆರಳು ಚುಚ್ಚಿ, ಕೈಯಲ್ಲಿದ್ದ ಯಂತ್ರ ನೋಡಿ, ಹುಬ್ಬು ಏರಿಸಿದ್ದಳು.

“ಗೆರೀ ಮ್ಯಾಲೆ ನಿಂತೀರಿ ನೋಡ್ರಿ ಪ್ರಭಣ್ಣಾರ. ಇನ್ನಾ ಶುಗರ್ ಅನ್ನಂಗಿಲ್ಲ. ಆದ್ರ ಹಿಂಗ ನಡದ್ರ ಅನ್ನೂದು ದೂರಿಲ್ಲ. ದಿನಾ ಎಷ್ಟು ಚಾ ಕುಡೀತೀರಿ?”

ಪ್ರಭುಲಿಂಗಪ್ಪ ಬೆರಳು ಮಡಚಿ ಎಣಿಸಿದ. ಎರಡೂ ಕೈ ಮುಗಿದವು.

“ಹದಿಮೂರ್ ಆಗಬಹುದ್ರಿ ಬಾಯಾರ.”

“ಸಕ್ರಿ ಎಷ್ಟು ಹಾಕ್ಕೋತೀರಿ?”

“ಸಕ್ರಿ ಅವರ ಮನೀದಲ್ಲೇನ್ರಿ? ನಾ ಹ್ಯಾಂಗ ಅಳತಿ ಹೇಳ್ಲಿ?”

“ಚಾ ಬಂದ್. ಸೋಡಾ ಬಂದ್. ಮೂರು ತಿಂಗಳು ಬಿಟ್ಟು ಮತ್ತ ನೋಡೂಣು,” ಎಂದು ಉಮಾಶ್ರೀ ರಿಜಿಸ್ಟರಿನಲ್ಲಿ ಬರೆದಳು.

ಬರೆಯುವುದನ್ನು ಕಂಡು ಪ್ರಭುಲಿಂಗಪ್ಪನ ಜೀವ ಬಾಯಿಗೆ ಬಂತು. ಕಾರಣವಿತ್ತು. ಹನ್ನೊಂದು ವರ್ಷದಿಂದ ಅವನು ಹಂಗಾಮಿ. ಅವನನ್ನು ಖಾಯಂ ಮಾಡುವ ಫೈಲು ಈ ವರ್ಷ ಅಂತೂ ಇಂತೂ ಪಂಚಾಯ್ತಿಯ ಮೇಜಿನ ಮೇಲೆ ಬಂದು ಕೂತಿತ್ತು. ಪಿಡಿಒ ಸಾಹೇಬರ ಸಹಿ ಬಿದ್ದರೆ ಗದಗಿಗೆ ಹೋಗುತ್ತಿತ್ತು. ಆ ಫೈಲಿಗೆ ಬೇಕಾದ ಕಾಗದಗಳ ಪಟ್ಟಿಯಲ್ಲಿ ಕಟ್ಟಕಡೆಗೆ ‘ವೈದ್ಯಕೀಯ ಪ್ರಮಾಣಪತ್ರ’ ಎಂದಿತ್ತು. ಶುಗರ್ ಇದ್ದವರಿಗೆ ಖಾಯಂ ನೌಕರಿ ಕೊಡುವುದಿಲ್ಲ ಎಂಬ ಕಾನೂನನ್ನು ಪ್ರಭುಲಿಂಗಪ್ಪ ಆ ಕ್ಷಣದಲ್ಲೇ, ಆ ಸ್ಟೂಲಿನ ಮೇಲೆ ಕೂತಲ್ಲೇ ಕಂಡುಹಿಡಿದ. ಯಾರಾದರೂ ಹೇಳಿದ ಮಾತಾಗಿದ್ದರೆ ಸಂಶಯಪಡುತ್ತಿದ್ದ. ತಾನೇ ಕಂಡುಹಿಡಿದದ್ದರಿಂದ ಸಂಶಯಕ್ಕೆ ಎಡೆಯೇ ಇರಲಿಲ್ಲ.

“ಬಾಯಾರ, ಈ ಮಾತು ಯಾರ ಮುಂದೂ...”

“ಯಾರ ಮಾತೂ ಯಾರ ಮುಂದೂ ನಾ ಹೇಳಂಗಿಲ್ರಿ,” ಎಂದಳು ಉಮಾಶ್ರೀ. “ಹೇಳಾಕ ಕುಂತ್ರ ಈ ಊರಾಗ ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ.”

ಮಂಗಳವಾರ ಆರು ಗಂಟೆಗೆ ಅವನು ಮೊದಲ ಓಣಿಯ ವಾಲ್ವು ತಿರುಗಿಸಿದ. ಆರೂ ಹತ್ತಕ್ಕೆ ಮೊದಲ ಮನೆಯ ಶರೀಫಾಬಿ ಕಪ್ಪು-ಬಸಿ ಹಿಡಿದು ಬಂದಳು.

“ಬ್ಯಾಡ ಬೇ,” ಎಂದ ಪ್ರಭುಲಿಂಗಪ್ಪ.

ಶರೀಫಾಬಿ ಕಪ್ಪನ್ನು ಕಟ್ಟೆಯ ಮೇಲಿಟ್ಟಳು. ಅವನ ಮುಖ ನೋಡಿದಳು. ವಾಲ್ವು ನೋಡಿದಳು. ಆಮೇಲೆ ಓಣಿಯ ಆ ತುದಿಗೂ ಕೇಳುವಂತೆ ಕೂಗಿದಳು: “ಏ, ಎಲ್ಲಾರೂ ಲಗೂ ಲಗೂ ತುಂಬಕೋರೆವಾ! ಪ್ರಭಣ್ಣ ಚಾ ಒಲ್ಲೆ ಅಂದಾ! ನಮ್ಮ ಓಣಿ ನೀರು ಕಡದ್ರು!”

ಎರಡು ನಿಮಿಷದಲ್ಲಿ ಕೊಡಗಳ ಸಮೇತ ಓಣಿಯೇ ಅವನನ್ನು ಸುತ್ತುಗಟ್ಟಿತು.

“ನಾವೇನ್ ತಪ್ಪು ಮಾಡೀವಿ, ಹೇಳು?”

“ಮ್ಯಾಲಿನ ಓಣ್ಯಾಗ ಕುಡದ ಬಂದಿಯೇನು? ಅವರ ಚಾಕ್ಕ ಯಾಲಕ್ಕಿ ಹಾಕ್ತಾರಂತ ಕೇಳೀನಿ ನಾ!”

“ನಮ್ಮ ಹಾಲು ತೆಳ್ಳಗ ಅಂದ್ರ ಬಾಯಿಬಿಟ್ಟು ಹೇಳಬೇಕಪಾ. ನೀರು ಯಾಕ ನಿಲ್ಲಸ್ತೀ?”

ಖರೇ ಹೇಳಿದರೆ ಫೈಲು ಹೋಯಿತು. ಸುಮ್ಮನಿದ್ದರೆ ಕೊಡ ತಲೆಗೆ ಬರುತ್ತಿತ್ತು. ಗಾಬರಿಯಲ್ಲಿ ಪ್ರಭುಲಿಂಗಪ್ಪನ ಬಾಯಿಂದ, ಎದುರಿಗೆ ನಳದಲ್ಲಿ ಸುರಿಯುತ್ತಿದ್ದುದನ್ನೇ ನೋಡುತ್ತ, ಒಂದು ಮಾತು ಹೊರಬಿತ್ತು.

“ಚಾದ್ದೇನೂ ತಪ್ಪಿಲ್ಲರೆವಾ. ಈ ನೀರಿಗೆ ಚಾ ರುಚಿ ಹತ್ತವಲ್ದು. ಅದಕ್ಕ ಬಿಟ್ಟೀನಿ.”

ಎತ್ತಿದ ಕೊಡಗಳು ಕೆಳಗಿಳಿದವು. ನೀರು ಚಲೋ ಇಲ್ಲ ಎಂದು ಊರವರು ಹೇಳುವುದೂ, ಚಲೋ ಐತಿ ಎಂದು ಪಂಚಾಯ್ತಿಯವರು ಹೇಳುವುದೂ ಹಳೆಯ ರೂಢಿ. ನೀರು ಬಿಡುವವನೇ ಹೀಗೆಂದದ್ದು ಇದೇ ಮೊದಲು. ಅದರಲ್ಲೂ ಬಸ್‌ಸ್ಟ್ಯಾಂಡಿನ ಪಕ್ಕದ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ಎಂಟು ತಿಂಗಳಾಗಿತ್ತು. ‘ದುರಸ್ತಿಯಲ್ಲಿದೆ’ ಎಂಬ ಬೋರ್ಡಿನ ಕೆಳಗೆ ಆಡುಗಳು ಮಲಗುತ್ತಿದ್ದವು.

ಮಾತು ಅವನಿಗಿಂತ ಮುಂದೆ ನಡೆಯಿತು. ಎರಡನೆಯ ಓಣಿಗೆ ಅವನು ಬಂದಾಗ, ಶುದ್ಧ ನೀರು ಬರುವ ತನಕ ಚಹಾ ಮುಟ್ಟುವುದಿಲ್ಲ ಎಂದು ಅವನು ಹೇಳಿದ್ದಾಗಿತ್ತು. ಮೂರನೆಯ ಓಣಿಯಲ್ಲಿ ಇಟಗಿಯ ಶರಣೆ ಭೀಮವ್ವನ ಮೇಲೆ ಆಣೆ ಮಾಡಿದ್ದ. ನಾಲ್ಕನೆಯದರಲ್ಲಿ ಒಂದು ಹೊತ್ತಿನ ಊಟವನ್ನೂ ಬಿಟ್ಟಿದ್ದ. ಐದನೆಯ ಓಣಿಯಲ್ಲಿ ಒಬ್ಬ ಮುದುಕಿ ಅವನ ಗಲ್ಲ ಸವರಿ, “ಎಷ್ಟು ಬಾಡ್ಯಾನ ನೋಡ್ರೆ ನನ್ನ ಕೂಸು,” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿಂದಿನ ರಾತ್ರಿ ಅವನು ನಾಲ್ಕು ಬಿಸಿ ರೊಟ್ಟಿ ತಿಂದಿದ್ದ. ಆರನೆಯ ಓಣಿಯ ನಿವೃತ್ತ ಮಾಸ್ತರರು ಎದ್ದು ನಿಂತು ಕೈಮುಗಿದರು.

ರಮಜಾನಸಾಬನ ಹೊಟೇಲಿನ ಮುಂದೆ ಹತ್ತಿಪ್ಪತ್ತು ಮಂದಿ ಕಾದಿದ್ದರು. ರಮಜಾನಸಾಬನಿಗೆ ಎಲ್ಲರಿಗಿಂತ ಹೆಚ್ಚು ನೋವಾಗಿತ್ತು. ಅವನ ಹೊಟೇಲು ನಡೆಯುವುದೇ ಆ ನೀರಿನ ಮೇಲೆ.

“ಇಪ್ಪತ್ತು ವರ್ಷ ನನ್ನ ಚಾ ಕುಡದು ಇವತ್ತು ನೀರು ಚಲೋ ಇಲ್ಲ ಅಂತೀಯಲ್ಲೋ ಪ್ರಭಣ್ಣಾ! ಹರಕಿ ಹೊತ್ತೀಯಂತ, ಖರೇನ?”

“ಹರಕಿ ಗಿರಕಿ ಏನೂ ಇಲ್ಲೋ ಸಾಬಾ.”

“ಹಂಗಾರ ತಗೋ!” ರಮಜಾನಸಾಬ ಕೆನೆ ತೇಲುವ ಗ್ಲಾಸನ್ನು ಅವನ ಮೂಗಿನ ಕೆಳಗೆ ಹಿಡಿದ.

ಶುಂಠಿಯ ಘಮ ಬಂತು. ಪ್ರಭುಲಿಂಗಪ್ಪನ ಕೈ ತಾನಾಗಿ ಮುಂದೆ ಹೋಯಿತು. ಆಗ ಉಮಾಶ್ರೀಯ ಹುಬ್ಬು ನೆನಪಾಗಿ ಆ ಕೈಯನ್ನು ಹಾಗೇ ಮೇಲೆತ್ತಿ ತಲೆ ಕೆರೆದುಕೊಂಡ.

“ನೋಡಿದ್ರ್ಯಾ?” ಎಂದ ಗುಂಪಿನಲ್ಲೊಬ್ಬ. “ಹೊತ್ತ ಹರಕಿ ಬಾಯಿಬಿಟ್ಟು ಹೇಳಬಾರ್ದು. ಅದಕ್ಕ ಇಲ್ಲ ಅನ್ನಾಕತ್ತಾನ. ಇದ ನೋಡ್ರಿ ಖರೇ ಹರಕಿ ಅಂದ್ರ!”

ಮನೆಯಲ್ಲಿ ಖರೇ ಗೊತ್ತಿದ್ದವಳು ಹೆಂಡತಿ ಸಿದ್ದಲಿಂಗವ್ವ ಒಬ್ಬಳೇ. ಅವಳು ತವರಿನವರಿಗೂ ಬಾಯಿ ಬಿಡಲಿಲ್ಲ. ಆದರೆ ಹದಿಮೂರು ಚಹಾದ ಜಾಗ ತುಂಬುವ ಕೆಲಸವನ್ನು ದೊಡ್ಡ ಉತ್ಸಾಹದಿಂದ ಕೈಗೆ ತೆಗೆದುಕೊಂಡಳು.

ಮೊದಲ ದಿನ ಮೆಂತೆ ನೆನೆಹಾಕಿದ ನೀರು. ಪ್ರಭುಲಿಂಗಪ್ಪ ಕಣ್ಣು ಮುಚ್ಚಿ ಕುಡಿದು, ಕಣ್ಣು ಬಿಡಲು ಬಹಳ ಹೊತ್ತು ತೆಗೆದುಕೊಂಡ. ಎರಡನೆಯ ದಿನ ಹಾಗಲಕಾಯಿಯ ರಸ. ಅದನ್ನು ಕುಡಿದ ಮೇಲೆ ನಾಲಿಗೆ ಸೆಟೆದು ಒಂದು ತಾಸು ಮಾತೇ ಹೊರಡಲಿಲ್ಲ. ಓಣಿಯಲ್ಲಿ ಯಾರು ಏನು ಕೇಳಿದರೂ ಕೈಸನ್ನೆ ಮಾಡಿ ಮುಂದೆ ನಡೆದ. ಮಧ್ಯಾಹ್ನದ ಹೊತ್ತಿಗೆ ಹರಕೆಯ ಜತೆ ಮೌನವ್ರತವೂ ಸೇರಿಕೊಂಡಿತು.

ಮೂರನೆಯ ದಿನ ಸೋಡಾದ ಬದಲು ನಿಂಬೆಹಣ್ಣಿನ ನೀರಿಗೆ ಕಾಮಕಸ್ತೂರಿ ಬೀಜ ನೆನೆಸಿ ಕೊಟ್ಟಳು. ಪ್ರಭುಲಿಂಗಪ್ಪ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ.

“ಏನಿದು? ಕಪ್ಪಿ ತತ್ತಿ ಇದ್ದಂಗ ಅದಾವಲ್ಲ?”

“ಊರ ಮಂದೀಗೆಲ್ಲಾ ನೀರು ಕುಡಸಾಂವ್ರು ನೀವು, ಕಪ್ಪಿ ತತ್ತಿಗೆ ಅಂಜಿದ್ರ ಹ್ಯಾಂಗ? ಕುಡೀರಿ ಸುಮ್ಮನ. ಹೊಟ್ಟಿ ತಣ್ಣಗಿರ್ತೈತಿ.”

ನಿಂಬೆಹಣ್ಣು ಇರಲಿ, ಬೀಜ ಬೇಡ ಎಂದು ರಾಜಿಯಾಯಿತು. ನಾಲ್ಕನೆಯ ದಿನ ಕೊತ್ತಂಬರಿ ಕಾಳು, ಜೀರಿಗೆ, ಒಂದು ಚೂರು ಒಣಶುಂಠಿ ಹುರಿದು ಕುಟ್ಟಿ ಕಷಾಯ ಮಾಡಿದಳು. ಬೆಲ್ಲವಿಲ್ಲ, ಹಾಲು ನಾಲ್ಕು ಹನಿ. ಪ್ರಭುಲಿಂಗಪ್ಪ ಒಂದು ಗುಟುಕು ಕುಡಿದ, ಮುಖ ಕಿವುಚಲು ಸಿದ್ಧನಾದ. ಕಿವುಚುವ ಕಾರಣ ಸಿಗಲಿಲ್ಲ. ಇನ್ನೊಂದು ಗುಟುಕು ಕುಡಿದ.

“ಏ, ಇದು ನಡೀತೈತಿ ಬಿಡ.”

ಮಧ್ಯಾಹ್ನಕ್ಕೆ ಜೋಳದ ಹಿಟ್ಟಿನ ತೆಳು ಅಂಬಲಿ, ಅದಕ್ಕೆ ಮಜ್ಜಿಗೆ ಕಲಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಮೇಲೆ ಒಂದಿಷ್ಟು ಕೊತ್ತಂಬರಿ ಸೊಪ್ಪು. ಅದನ್ನು ಕುಡಿದ ದಿನ ಹೊಟ್ಟೆ ಉಬ್ಬರಿಸಲಿಲ್ಲ, ಸೋಡಾದ ನೆನಪೂ ಬರಲಿಲ್ಲ. ಒಂದು ವಾರದಲ್ಲಿ ಎದೆ ಉರಿ ಹೋಯಿತು. ಹೊತ್ತಿಗೆ ಸರಿಯಾಗಿ ನಿದ್ದೆ ಬಂತು. ಚಾವಿ ಹೊತ್ತು ಆರನೆಯ ಓಣಿಯ ಏರು ಹತ್ತುವಾಗ ಏದುಸಿರು ನಿಂತಿತು.

ಇದೂ ಅವನಿಗೇ ತಿರುಗಿಬಿತ್ತು. “ನೋಡ್ರಿ, ಉಪಾಸ ಮಾಡಿದ್ರೂ ಮಾರಿ ಮ್ಯಾಲೆ ಏನ ಕಳೆ!” ಎಂದು ಊರು ಬೆರಗಾಯಿತು.

ಹತ್ತನೆಯ ದಿನ ನರಗುಂದದಿಂದ ಹೆಂಡತಿಯ ತಮ್ಮ ಪರಶಪ್ಪ ಬಂದಿಳಿದ. ಅವನದು ಅಲ್ಲಿ ಫ್ಲೆಕ್ಸು ಮುದ್ರಿಸುವ ಅಂಗಡಿ. ಯಾರ ಹುಟ್ಟಿದಹಬ್ಬವೂ ಇಲ್ಲದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಗಾಡಿಯಿಂದ ಇಳಿಯುತ್ತಲೇ ಅಕ್ಕನ ಗಂಡನ ಕಾಲಿಗೆ ಬಿದ್ದ.

“ಮಾಮಾ! ಮನಿತನದ ಹೆಸರು ತಂದಿ ನೋಡು! ನಮ್ಮಂದಿಗೆ ಒಂದು ಮಾತು ಹೇಳಬಾರ್ದೇನೋ? ಮಂದಿ ಬಾಯಿಂದ ಕೇಳೂದಾತಲ್ಲ!”

“ಏ ಪರಸ್ಯಾ, ಅದು ಹಂಗಲ್ಲೋ...”

“ಗೊತ್ತೈತಿ ಬಿಡು, ನೀ ದೊಡ್ಡಸ್ತಿಕಿ ತೋರಸಾಂವಲ್ಲ. ಅದಕ್ಕ ನಾ ಇರೂದು!”

ಅವನು ಗಾಡಿಯಿಂದ ಇಳಿಸಿದ ಫ್ಲೆಕ್ಸು ಹತ್ತಡಿ ಉದ್ದವಿತ್ತು. ಪ್ರಭುಲಿಂಗಪ್ಪನದು ಎಂದು ಮನೆತನದಲ್ಲಿ ಇದ್ದ ಒಂದೇ ಫೋಟೋ ಯಾರದೋ ಮದುವೆಯದು. ಅದರಲ್ಲಿ ಅವನು ತಲೆ ಹಿಂದಕ್ಕೆ ಚೆಲ್ಲಿ ಸೋಡಾ ಕುಡಿಯುತ್ತಿದ್ದ. ಪರಶಪ್ಪ ತನ್ನ ಕಸುಬನ್ನೆಲ್ಲ ಉಪಯೋಗಿಸಿ ಬಾಟಲಿಯನ್ನು ಅಳಿಸಿ ಆ ಜಾಗದಲ್ಲಿ ಶಂಖ ಕೂರಿಸಿದ್ದ. ಆಕಾಶಕ್ಕೆ ಮುಖ ಮಾಡಿ ಶಂಖ ಊದುತ್ತಿದ್ದ ಪ್ರಭುಲಿಂಗಪ್ಪನ ತಲೆಯ ಹಿಂದೆ ಸೂರ್ಯನ ಕಿರಣಗಳಿದ್ದವು. ‘ಶುದ್ಧ ನೀರಿಗಾಗಿ ಚಹಾ ತ್ಯಜಿಸಿದ ಧೀರ’ ಎಂದು ದೊಡ್ಡಕ್ಷರ. ಕೆಳಗೆ ‘ಪರಶಪ್ಪ ಮತ್ತು ಗೆಳೆಯರ ಬಳಗ, ನರಗುಂದ’, ಹನ್ನೊಂದು ಮಂದಿ ಕಪ್ಪು ಕನ್ನಡಕದವರು.

“ಇದನ್ನ ಎಲ್ಲಿ ಹಚ್ಚತೀಯೋ?” ಪ್ರಭುಲಿಂಗಪ್ಪ ಕ್ಷೀಣ ದನಿಯಲ್ಲಿ ಕೇಳಿದ.

“ಪಂಚಾಯ್ತಿ ಎದುರಿಗೆ! ಮತ್ತೆಲ್ಲಿ?”

ಮರುದಿನ ಪಿಡಿಒ ಗುರುಪಾದ ಸಾಹೇಬರು ಕಚೇರಿಯ ಕಿಟಕಿ ತೆರೆದರೆ ಎದುರಿಗೆ ತಮ್ಮದೇ ವಾಟರ್‌ಮನ್ ಶಂಖ ಊದುತ್ತಿದ್ದ. ಕಿಟಕಿ ಮುಚ್ಚಿದರು. ಅಷ್ಟರಲ್ಲಿ ಫೋನು ಬಂತು. ಯಾರೋ ಆ ಫ್ಲೆಕ್ಸಿನ ಫೋಟೋ ಹಿಡಿದು ಊರೂರಿಗೆ ಕಳಿಸಿದ್ದರು. ಗಜೇಂದ್ರಗಡದಿಂದ ಒಬ್ಬ ವರದಿಗಾರ ‘ನಿಮ್ಮ ನೌಕರನೇ ನಿಮ್ಮ ವಿರುದ್ಧ ಹೋರಾಟಕ್ಕೆ ಇಳಿದಿದ್ದಾನಂತೆ’ ಎಂದು ಕೇಳಿದ. ಆಮೇಲೆ ಮೇಲಧಿಕಾರಿಗಳ ಫೋನು. ಅದನ್ನು ಸಾಹೇಬರು ನಿಂತುಕೊಂಡು ಕೇಳಿದರು.

ಪ್ರಭುಲಿಂಗಪ್ಪನಿಗೆ ಕರೆ ಹೋಯಿತು. ಒಳಗೆ ಸಾಹೇಬರ ಪಕ್ಕದಲ್ಲಿ ಅಧ್ಯಕ್ಷ ಲಕ್ಷ್ಮಪ್ಪನೂ ಕೂತಿದ್ದ. ಮೇಜಿನ ಮೇಲೆ ಎರಡು ವಸ್ತು ಇದ್ದವು: ಎಡಕ್ಕೆ ಹಸಿರು ದಾರ ಕಟ್ಟಿದ ಫೈಲು, ಬಲಕ್ಕೆ ಬಿಸಿ ಚಹಾ.

“ಇದು ಯಾರ ಫೈಲು ಹೇಳು?” ಎಂದರು ಸಾಹೇಬರು.

“ನಂದರಿ ಸಾಹೇಬ್ರ.”

“ಯಾರ ಸಹಿ ಬಾಕಿ ಐತಿ?”

“ನಿಮ್ಮದ್ರಿ.”

“ಮತ್ತ ನೀ ಯಾರ ವಿರುದ್ಧ ಹರಕಿ ಹೊತ್ತೀ?”

“ನಾ ಹರಕಿ ಹೊತ್ತಿಲ್ರಿ! ದೇವರಾಣಿ ಹೊತ್ತಿಲ್ರಿ!”

“ಹಂಗಾರ ಮುಗೀತಲ್ಲ,” ಎಂದ ಲಕ್ಷ್ಮಪ್ಪ. “ಈ ಚಾ ಕುಡಿ. ನಾ ಫೋಟೋ ಹಿಡೀತೀನಿ. ಎಲ್ಲಾರಿಗೂ ಕಳಸ್ತೀವಿ. ಸಾಹೇಬ್ರು ಸಹಿ ಹಾಕ್ತಾರ. ಎಷ್ಟೊತ್ತಿನ ಕೆಲಸ?”

ಒಂದು ಗುಟುಕಿನ ಕೆಲಸ. ಪ್ರಭುಲಿಂಗಪ್ಪ ಕಪ್ಪಿಗೆ ಕೈ ಹಾಕಿದ. ಅದೇ ಹೊತ್ತಿಗೆ ವೈದ್ಯಕೀಯ ಪ್ರಮಾಣಪತ್ರ ಕಣ್ಣೆದುರು ಬಂದು ನಿಂತಿತು. ಅದನ್ನು ಬರೆಯುವ ಡಾಕ್ಟರು ಬೆರಳು ಚುಚ್ಚದೆ ಬಿಡುವರೇ? ಗೆರೆಯ ಮೇಲೆ ನಿಂತವನು ಒಂದು ಗುಟುಕಿಗೆ ಆ ಕಡೆ ಬಿದ್ದರೆ? ಕೈ ಹಿಂದಕ್ಕೆ ಬಂತು.

“ಆಗಂಗಿಲ್ರಿ ಸಾಹೇಬ್ರ,” ಎಂದ ಅವನು, ಅಳುವ ದನಿಯಲ್ಲಿ.

ಸಾಹೇಬರು ಫೈಲು ಎತ್ತಿ ಡ್ರಾವರಿಗೆ ಹಾಕಿದರು. ಹನ್ನೊಂದು ವರ್ಷ ಬೆನ್ನು ಬಗ್ಗಿಸಿಯೇ ನಿಂತಿದ್ದ ಮನುಷ್ಯ ಇಷ್ಟು ಗಟ್ಟಿ ಎಂದು ಅವರಿಗೆ ಗೊತ್ತಿರಲಿಲ್ಲ. ಅವನು ಹೋದ ಮೇಲೆ ಲಕ್ಷ್ಮಪ್ಪ ಪಿಸುಗುಟ್ಟಿದ: “ಭಾಳ ಪಕ್ಕಾ ಅದಾನ್ರಿ. ನಾಳೆ ಪೂರ್ತಿ ಉಪಾಸ ಕುಂತ್ರ ಏನ್ ಮಾಡೂದು? ಯಂತ್ರ ರಿಪೇರಿ ಮಾಡಸೂದ ಹಗೂರ ಕಾಣ್ತೈತಿ.”

ಎಂಟು ತಿಂಗಳಿಂದ ಆಗದ ಕೆಲಸ ಎಂಟು ದಿನದಲ್ಲಿ ಆಯಿತು. ಆಡುಗಳನ್ನು ಎಬ್ಬಿಸಿದರು. ಹೊಸ ಫಿಲ್ಟರು ಬಂತು, ಹೊಸ ಬಣ್ಣ ಬಂತು. ಪ್ರಭುಲಿಂಗಪ್ಪ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋದ. ಕೆಲಸ ಮುಗಿದ ದಿನ ತನ್ನ ಕೆಲಸವೂ ಮುಗಿಯಿತೆಂದೇ ಅವನು ತಿಳಿದಿದ್ದ. ಸಾಹೇಬರು ಸಿಟ್ಟಿನಲ್ಲಿದ್ದಾರೆ, ಫೈಲು ಡ್ರಾವರಿನ ಒಳಗೆ ಹೋಗಿದೆ.

“ಹೋಗಿ ಖರೇ ಹೇಳಿಬಿಡ್ರಿ,” ಎಂದಳು ಸಿದ್ದಲಿಂಗವ್ವ.

“ಖರೇ ಹೇಳಿದ್ರ ಶುಗರ್ ಅಂತ ತಗೀತಾರ. ಹೇಳಲಿಲ್ಲಂದ್ರ ಹರಕಿ ಅಂತ ತಗೀತಾರ. ಎದಕ್ಕ ತಗದ್ರ ಚಲೋ ಅನ್ನೂದನ್ನ ವಿಚಾರ ಮಾಡಾಕತ್ತೀನಿ.”

ಉದ್ಘಾಟನೆ ಶುಕ್ರವಾರಕ್ಕೆ ನಿಂತಿತು. ಘಟಕದ ಮುಂದೆ ಶಾಮಿಯಾನ, ಮೇಲೆ ಏಳು ಕುರ್ಚಿ. ಪಿಡಿಒ ಸಾಹೇಬರು, ಅಧ್ಯಕ್ಷ ಲಕ್ಷ್ಮಪ್ಪ, ನಿವೃತ್ತ ಮಾಸ್ತರರು, ಮೂವರು ಸದಸ್ಯರು, ನಟ್ಟನಡುವೆ ಪ್ರಭುಲಿಂಗಪ್ಪ. ಹಿಂದೆ ಹತ್ತಡಿಯ ಶಂಖ. ಕೆಳಗೆ ಆರೂ ಓಣಿಯ ಜನ. ಹೆಣ್ಣುಮಕ್ಕಳ ಮೊದಲ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದವಳು ಉಮಾಶ್ರೀ.

ಸಾಹೇಬರು ನಾಣ್ಯ ಹಾಕಿದರು. ನೀರು ಸುರಿಯಿತು. ಜನ ಚಪ್ಪಾಳೆ ಹೊಡೆದರು. ಆಗ ಪರಶಪ್ಪ ಮೈಕು ಕಿತ್ತುಕೊಂಡ.

“ಬಂಧುಗಳೇ! ಈಗ ನಮ್ಮ ಮಾಮಾ, ಈ ಶುದ್ಧ ನೀರಿನಾಗ ಮಾಡಿದ ಚಾ ಕುಡದು, ನಿಮ್ಮೆಲ್ಲಾರ ಮುಂದ ಹರಕಿ ಮುರೀತಾರ! ಅವರ ಜೋಡಿ ವೇದಿಕಿ ಮ್ಯಾಲಿನ ಹಿರ್ಯಾರೆಲ್ಲಾ ಕುಡೀತಾರ!”

ರಮಜಾನಸಾಬ ದೊಡ್ಡ ತಟ್ಟೆ ಹಿಡಿದು ಮೇಲೆ ಬಂದ. ಹದಿನೆಂಟು ದಿನ ಅವಮಾನ ನುಂಗಿದ್ದ ಮನುಷ್ಯ ತನ್ನ ವಿದ್ಯೆಯನ್ನೆಲ್ಲ ಆ ಚಹಾಕ್ಕೆ ಸುರಿದಿದ್ದ. ಎಮ್ಮೆಯ ಗಟ್ಟಿ ಹಾಲು, ಶುಂಠಿ, ಯಾಲಕ್ಕಿ. “ಸಕ್ರಿ ಕೈ ಬಿಟ್ಟ ಹಾಕೀನಿ, ಶುಭಕಾರ್ಯ!” ಎಂದು ಪ್ರತಿಯೊಬ್ಬರ ಕಿವಿಯಲ್ಲೂ ಹೇಳುತ್ತ ಗ್ಲಾಸು ಕೊಟ್ಟ.

ಪ್ರಭುಲಿಂಗಪ್ಪ ಗ್ಲಾಸು ಹಿಡಿದು ಕೆಳಗೆ ನೋಡಿದ. ಉಮಾಶ್ರೀ ಅವನನ್ನೇ ನೋಡುತ್ತಿದ್ದಳು. ತಾನು ಕುಡಿಯುವ ಮೊದಲು ಹಿರಿಯರು ಕುಡಿಯಲಿ, ಅಷ್ಟು ಹೊತ್ತಾದರೂ ಸಿಗಲಿ ಎಂದು ಪಕ್ಕಕ್ಕೆ ತಿರುಗಿದ.

“ನೀವು ಮೊದಲು ತಗೋರಿ ಸಾಹೇಬ್ರ.”

ಸಾಹೇಬರು ಗ್ಲಾಸನ್ನು ತುಟಿಯ ತನಕ ಒಯ್ದರು. ಕಣ್ಣು ಒಮ್ಮೆ ಮೊದಲ ಸಾಲಿನ ಕಡೆ ಹೋಯಿತು. ಗ್ಲಾಸು ತುಟಿಯ ಹತ್ತಿರವೇ ನಿಂತಿತು. “ಅಧ್ಯಕ್ಷರು ಇರುವಾಗ ನಾ ಹ್ಯಾಂಗ ಮೊದಲು? ತಗೋರಿ ಲಕ್ಷ್ಮಪ್ಪನವರ.”

ಲಕ್ಷ್ಮಪ್ಪ ಊದಿದ. ಇನ್ನೊಮ್ಮೆ ಊದಿದ. “ಮಾಸ್ತರು ವಯಸ್ಸಿನ್ಯಾಗ ಹಿರ್ಯಾರು,” ಎಂದ.

ಮಾಸ್ತರರು ಗ್ಲಾಸಿನೊಳಗೆ ಏನೋ ಬಿದ್ದಿದೆಯೇ ಎಂದು ಬಹಳ ಆಳವಾಗಿ ಹುಡುಕತೊಡಗಿದರು. ಮೂವರು ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಏಳು ಜನ, ಏಳು ಗ್ಲಾಸು, ಏಳು ಹೊಗೆ. ಕೆನೆ ಕಟ್ಟಿತು. ಉಮಾಶ್ರೀ ಕಟ್ಟಿದ ಕೈ ಬಿಚ್ಚಲಿಲ್ಲ. ಹುಬ್ಬು ಮಾತ್ರ ಸಣ್ಣಗೆ ಏರಿತು. ವೇದಿಕೆಯ ಮೇಲಿನ ಪ್ರತಿಯೊಬ್ಬನಿಗೂ ಅದು ತನಗಾಗಿಯೇ ಏರಿದಂತೆ ಕಂಡಿತು.

ಮೊದಲು ತಾಳ್ಮೆ ಕಳೆದುಕೊಂಡವನು ರಮಜಾನಸಾಬ.

“ಯಾಕ್ರಿ? ನೀರು ಶುದ್ಧ ಆತು. ಇನ್ನೂ ನನ್ನ ಚಾ ಯಾರಿಗೂ ಬ್ಯಾಡೇನು? ಇದರಾಗ ಇಸಾ ಹಾಕೀನೇನು ನಾ?”

ಆ ದನಿಯಲ್ಲಿದ್ದ ನೋವು ಲಕ್ಷ್ಮಪ್ಪನಿಗೆ ತಾಗಿತು. ಅವನು ಗ್ಲಾಸು ಕೆಳಗಿಟ್ಟು ಎದ್ದು ನಿಂತ.

“ಹಂಗನಬ್ಯಾಡಪಾ ಸಾಬಾ. ನಿನ್ನ ಚಾ ಅಮೃತ. ನನಗ ಶುಗರ್ ಐತಿ.”

“ಹಾಂ!” ಎಂದಿತು ಊರು. ಮೈಕು ಅವನ ಬಾಯಿಯ ಹತ್ತಿರವೇ ಇತ್ತು.

“ನಿಮಗೂ?” ಎಂದರು ಪಿಡಿಒ ಸಾಹೇಬರು. ಆ ‘ಊ’ ಬಾಯಿಂದ ಹೊರಬಿದ್ದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳಲು ಆಗಲಿಲ್ಲ. “ನನಗ ನಾಲ್ಕು ವರ್ಷಾತು,” ಎಂದು ತಗ್ಗಿದ ದನಿಯಲ್ಲಿ ಸೇರಿಸಿದರು.

“ನನಗ ಹತ್ತು!” ಎಂದರು ಮಾಸ್ತರರು, ಹಿರಿತನ ಬಿಟ್ಟುಕೊಡದೆ. ಒಬ್ಬ ಸದಸ್ಯ ಎದ್ದ. ಇನ್ನೊಬ್ಬ ಎದ್ದ. ಮೂರನೆಯವನಿಗೆ ಬಿ.ಪಿ. ಮಾತ್ರ ಇತ್ತು. ಅವನು ಅದನ್ನೇ ಸಂಕೋಚದಿಂದ ಹೇಳಿಕೊಂಡ. ಕೆಳಗಿನಿಂದ ಶರೀಫಾಬಿಯ ದನಿ ಕೇಳಿತು: “ಯಾ ಅಲ್ಲಾ, ಊರ ನಡಸಾವ್ರೆಲ್ಲಾ ಒಂದ ಚೀಟಿ ಮ್ಯಾಲೆ ಗುಳಿಗಿ ತಗೋತಾರಲ್ಲ!”

ನಗೆಯ ಅಲೆ ಎದ್ದಿತು. ಅದು ತಗ್ಗುವಷ್ಟರಲ್ಲಿ ಎಲ್ಲರ ಕಣ್ಣೂ ನಡುವಿನ ಕುರ್ಚಿಗೆ ಬಂದವು. ಪ್ರಭುಲಿಂಗಪ್ಪ ಬಾಯಿ ತೆರೆದುಕೊಂಡು ಸಾಹೇಬರನ್ನೇ ನೋಡುತ್ತಿದ್ದ. ಅವನ ತಲೆಯಲ್ಲಿ ಒಂದು ಕಾನೂನು ಕುಸಿದು ಬೀಳುತ್ತಿತ್ತು.

“ಸಾಹೇಬ್ರ... ನಿಮಗ ಶುಗರ್ ಐತಿ. ಆದ್ರೂ ನೌಕರಿ ಐತಿ?”

“ಯಾಕ, ಇರಬಾರ್ದೇನು?”

“ಶುಗರ್ ಇದ್ದಾವ್ರಿಗೆ ಖಾಯಂ ಮಾಡಂಗಿಲ್ಲಲ್ರಿ?”

“ಯಾರ್ ಹೇಳಿದ್ರು ನಿನಗ?”

ಪ್ರಭುಲಿಂಗಪ್ಪ ಯೋಚಿಸಿದ. ಹೇಳಿದವರ ಹೆಸರು ಸಿಗಲಿಲ್ಲ. “ನನಗ ಗೆರೀ ಮ್ಯಾಲೆ ಐತ್ರಿ,” ಎಂದು ಒಂದೇ ಉಸಿರಿನಲ್ಲಿ ಸುರಿದ. “ಬಾಯಾರು ಚಾ ಬಿಡು ಅಂದ್ರು, ಬಿಟ್ಟೆ. ಹೇಳಿದ್ರ ಫೈಲು ಹೊಕ್ಕೈತಿ ಅಂತ ಅಂಜಿದೆ. ಹರಕಿ ನಾ ಹೊತ್ತಿಲ್ರಿ, ಊರವರು ಹೊರಿಸಿದ್ರು. ಶಂಖ ಇಂವಾ ಪರಸ್ಯಾ ಕೊಟ್ಟಾ. ನಿಮ್ಮ ವಿರುದ್ಧ ನನ್ನ ಮನಸಿನ್ಯಾಗ ಏನೂ ಇಲ್ರಿ!”

ಸಾಹೇಬರ ಹೊಟ್ಟೆ ಕುಲುಕಿತು. ಕುರ್ಚಿ ಕುಲುಕಿತು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು.

“ಅಲ್ಲೋ, ಎಂಟು ದಿನಾ ನನ್ನ ನಿದ್ದಿ ಕೆಡಿಸಿದೆಲ್ಲೋ! ನೀ ನನ್ನ ಮ್ಯಾಲೆ ದಂಡೆತ್ತಿ ಬಂದೀ ಅಂತ ನಾ ತಿಳಕೊಂಡ್ರ, ನೀ ನನಗ ಅಂಜಿ ಅಡಗಿ ಕುಂತಿದ್ಯಾ?” ಎಂದು ಬೆನ್ನಿಗೆ ಒಂದು ಗುದ್ದಿದರು. “ಅದಿರ್ಲಿ. ಚಾ ಬಿಟ್ಟು ಏನ್ ಕುಡೀತೀ? ನಂಗ ನಾಲ್ಕು ವರ್ಷದಾಗ ಬಿಡಾ ಆಗಿಲ್ಲ. ಈ ನರ್ಸ್ ಬಾಯಾರ ಕಣ್ಣಿಗೆ ಬೀಳಲಾರದಂಗ ಕದ್ದು ಕುಡ್ಯಾಕತ್ತೀನಿ.”

ಸಾಹೇಬರು ಈ ಕೊನೆಯ ಮಾತನ್ನು ಮೆಲ್ಲಗೆ ಹೇಳಿದ್ದರು. ಮೈಕಿಗೆ ಅದು ಗೊತ್ತಿರಲಿಲ್ಲ. ಉಮಾಶ್ರೀ ಹದಿನೆಂಟು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು:

“ಸೋಮವಾರ ಮುಂಜಾನೆ ಎಲ್ಲಾರೂ ದವಾಖಾನಿಗೆ ಬರ್ರಿ. ಏನೂ ತಿನ್ನದ ಬರ್ರಿ.”

“ಹೂಂನ್ರಿ ಬಾಯಾರ,” ಎಂದಿತು ವೇದಿಕೆ, ಕನ್ನಡ ಸಾಲಿಯ ಹುಡುಗರಂತೆ ಒಂದೇ ರಾಗದಲ್ಲಿ.

ಸಿದ್ದಲಿಂಗವ್ವ ಗಂಡನ ಮಧ್ಯಾಹ್ನಕ್ಕೆಂದು ತಂದಿದ್ದ ಅಂಬಲಿಯ ಡಬರಿ ವೇದಿಕೆಯ ಮೇಲೆ ಹೋಯಿತು. ಏಳು ಲೋಟ ಅಂಬಲಿ ಹಂಚಿದರು. ಸಾಹೇಬರು ಒಂದು ಗುಟುಕು ಕುಡಿದು ಮಾತು ನಿಲ್ಲಿಸಿ ಉಳಿದದ್ದನ್ನೂ ಕುಡಿದರು. “ಬೆಳ್ಳುಳ್ಳಿ ಹಸೀದ ಹಾಕ್ತೀರೇನು, ಹುರದು ಹಾಕ್ತೀರೇನು?” ಎಂದು ಕೇಳಿ ಅಧ್ಯಕ್ಷರ ಕೈಯಿಂದ ಬರೆಸಿಕೊಂಡರು. ಏಳು ಗ್ಲಾಸು ಚಹಾವನ್ನು ಪರಶಪ್ಪ ಮತ್ತು ಗೆಳೆಯರ ಬಳಗ ಕೆಳಗಿಳಿಸಿ ಖಾಲಿ ಮಾಡಿತು. ರಮಜಾನಸಾಬ ಸಿದ್ದಲಿಂಗವ್ವನನ್ನು ಒಂದು ಕಡೆ ಕರೆದು, ಕೊತ್ತಂಬರಿ ಕಾಳಿನ ಕಷಾಯಕ್ಕೆ ಹಾಲು ಯಾವಾಗ ಹಾಕಬೇಕು ಎಂದು ವಿಚಾರಿಸಿದ. ಹೊಟೇಲು ನಡೆಸುವವನು ಗಿರಾಕಿಯ ನಾಡಿ ನೋಡದೆ ಇರಲಾರ.

ಜನ ಕೊಡ ಹಿಡಿದು ಘಟಕದ ಮುಂದೆ ಸಾಲು ಹಚ್ಚುತ್ತಿದ್ದಾಗ ಸಾಹೇಬರು ಪ್ರಭುಲಿಂಗಪ್ಪನನ್ನು ಕಚೇರಿಗೆ ಕರೆದೊಯ್ದರು. ಡ್ರಾವರು ಎಳೆದರು. ಹಸಿರು ದಾರ ಬಿಚ್ಚಿದರು. ಪೆನ್ನಿನ ಟೊಪ್ಪಿಗೆ ತೆಗೆದು, ಇಂಕು ಬರದೆ ಎರಡು ಸಲ ಜಾಡಿಸಿ, ಮೂರನೆಯ ಸಲಕ್ಕೆ ಸಹಿ ಹಾಕಿದರು. ಸಿಪಾಯಿ ಠಸ್ಸೆ ಒತ್ತಿದ. ನಾಳೆಯ ಟಪಾಲಿಗೆ ಗದಗಿಗೆ ಹೋಗುತ್ತದೆ, ವೈದ್ಯಕೀಯ ಪ್ರಮಾಣಪತ್ರ ಹಿಂದಿನಿಂದ ಕಳಿಸಿದರೂ ನಡೆಯುತ್ತದೆ ಎಂದರು.

ಪ್ರಭುಲಿಂಗಪ್ಪ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಹನ್ನೊಂದು ವರ್ಷದ ಉಸಿರನ್ನು ಒಮ್ಮೆಲೇ ಬಿಟ್ಟವನಂತೆ ಎದೆ ಇಳಿಯಿತು, ಕಣ್ಣಲ್ಲಿ ನೀರು ತಾನಾಗಿ ಹರಿಯಿತು. ಸಿದ್ದಲಿಂಗವ್ವ ಖಾಲಿ ಡಬರಿ ಹಿಡಿದು ಓಡುತ್ತ ಬಂದಳು.

“ಏನಾತ್ರಿ? ಸಹಿ ಹಾಕಲಿಲ್ಲೇನು? ಯಾಕ ಅಳಾಕತ್ತೀರಿ?”

“ಬಿತ್ತು ಸಿದ್ದೀ. ಸಹಿ ಬಿತ್ತು. ಕಣ್ಣಾರೆ ನೋಡಿದೆ.”

ಅವಳು ಪಕ್ಕದಲ್ಲಿ ಕೂತಳು. ಸೆರಗಿನ ತುದಿಯಿಂದ ಅವನ ಮುಖವನ್ನು ಗಟ್ಟಿಯಾಗಿ, ಶಾಲೆಗೆ ಹೊರಟ ಮಗುವಿನ ಮುಖ ಒರೆಸುವಂತೆ, ಒರೆಸಿದಳು.

“ನೆಟ್ಟಗ ಕುಂದರ್ರಿ,” ಎಂದಳು. “ಪರಸ್ಯಾ ಫೋಟೋ ಹಿಡ್ಯಾಕತ್ತಾನ.”